ರಿವರ್ಟ್ ಮಾಡಿದ ಬದಲಾವಣೆ ಮರ್ಜ್ ಆದ ಮೇಲೆ ವಾಪಸ್ ಬಂತು, ಕಾನ್ಫ್ಲಿಕ್ಟ್ ಕೂಡ ಬರಲಿಲ್ಲ. ಯಾಕೆ?

ಹಸಿರುಪರದೆ:
ಎಲ್ಲರಿಗೂ ನಮಸ್ಕಾರ. ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಮರ್ಜ್, ಅಂದರೆ ಎರಡು ಬ್ರಾಂಚ್ ಸೇರಿಸುವುದರ ಬಗ್ಗೆ ಒಂದು ಪ್ರಶ್ನೆ. ತಂಡದಲ್ಲಿ ಇದರ ಮೇಲೆ ವಾದ ನಿಲ್ಲುತ್ತಲೇ ಇಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ನಮ್ಮಲ್ಲಿ ಡೆವಲಪ್, ರಿಲೀಸ್ ಅಂತ ಎರಡು ಬ್ರಾಂಚ್ (ಕೋಡಿನ ಕವಲುಗಳು) ಇವೆ. ಒಂದು ಕಾನ್ಫಿಗ್ ಫೈಲಿನಲ್ಲಿ ಟೈಮ್‌ಔಟ್ 30 ಇತ್ತು. ಡೆವಲಪ್‌ನಲ್ಲಿ ಅದನ್ನು 60 ಮಾಡಿದೆವು. ಅದೇ ಕಮಿಟನ್ನು (ದಾಖಲಾದ ಬದಲಾವಣೆ) ರಿಲೀಸ್‌ಗೂ ಚೆರ್ರಿ-ಪಿಕ್ ಮಾಡಿದೆವು, ಅಂದರೆ ಅದೊಂದನ್ನೇ ನಕಲು ಮಾಡಿ ತಂದೆವು. ರಿಲೀಸ್‌ನಲ್ಲಿ ಕನೆಕ್ಷನ್‌ಗಳು ಬಿಡುಗಡೆಯಾಗದೆ ತೊಂದರೆ ಶುರುವಾಯಿತು. ಹಾಗಾಗಿ ಅಲ್ಲಿ ಮಾತ್ರ ರಿವರ್ಟ್ ಮಾಡಿ (ಬದಲಾವಣೆ ರದ್ದು ಮಾಡುವ ಕಮಿಟ್ ಹಾಕಿ) 30ಕ್ಕೆ ತಂದೆವು. ಡೆವಲಪ್‌ನಲ್ಲಿ 60 ಹಾಗೇ ಉಳಿಯಿತು.

ಈಗ ಡೆವಲಪ್ ಅನ್ನು ರಿಲೀಸ್‌ಗೆ ಮರ್ಜ್ ಮಾಡಿದೆವು. ಒಂದೂ ಕಾನ್ಫ್ಲಿಕ್ಟ್ (ಯಾವುದನ್ನು ಇಡಲಿ ಅಂತ ಗಿಟ್ ಕೇಳುವ ಘರ್ಷಣೆ) ಬರಲಿಲ್ಲ. ಫೈಲ್ ತೆರೆದು ನೋಡಿದರೆ 60! ಒಂದು ಕಡೆ 30, ಇನ್ನೊಂದು ಕಡೆ 60 ಇದ್ದಾಗ ಕೇಳಬೇಕಿತ್ತಲ್ವಾ? ಕೇಳದೆ ತಾನೇ ಹೇಗೆ ತೀರ್ಮಾನ ಮಾಡಿತು?

ಕೀಲಿಮಣೆ:
ರಿವರ್ಟ್ ನಿಜವಾಗಿಯೂ ಪುಶ್ ಆಗಿತ್ತಾ (ಸರ್ವರ್‌ಗೆ ಹೋಗಿತ್ತಾ)? ಮೊದಲು ಅದನ್ನು ನೋಡಿ.

ಹಸಿರುಪರದೆ:
ಆಗಿದೆ. ರಿಲೀಸ್ ಲಾಗ್‌ನಲ್ಲಿ ಚೆರ್ರಿ-ಪಿಕ್ ಕಮಿಟ್, ಅದರ ಮೇಲೆ ರಿವರ್ಟ್ ಕಮಿಟ್, ಅದರ ಮೇಲೆ ಮರ್ಜ್ ಕಮಿಟ್, ಮೂರೂ ಸಾಲಾಗಿ ಕಾಣುತ್ತಿವೆ.

ಕೊನೆಯಕಮಿಟ್:
ಯಾವುದು ಕೊನೆಗೆ ಆಯಿತೋ ಅದು ಗೆಲ್ಲುತ್ತದೆ. ನಿಮ್ಮ ರಿವರ್ಟ್ ಆದ ಮೇಲೆ ಡೆವಲಪ್‌ನಲ್ಲಿ ಯಾರೋ ಆ ಸಾಲನ್ನು ಮತ್ತೆ ಮುಟ್ಟಿರಬೇಕು.

ಮೂರನೇಸಾಲು:
ಇಲ್ಲ, ಗಿಟ್ ಮರ್ಜ್ ಮಾಡುವಾಗ ದಿನಾಂಕ, ಗಂಟೆ ಯಾವುದನ್ನೂ ನೋಡುವುದಿಲ್ಲ. ಈ ತಪ್ಪು ತಿಳುವಳಿಕೆ ಬಹಳ ಜನಕ್ಕೆ ಇದೆ, ದಯವಿಟ್ಟು ಹರಡಬೇಡಿ.

ಹಸಿರುಪರದೆ ಅವರೇ, ನಡೆದದ್ದು ಇಷ್ಟು. ಗಿಟ್ ನೋಡುವುದು ಮೂರೇ ಮೂರು ಚಿತ್ರ. ಒಂದು, ನೀವು ನಿಂತಿರುವ ಬ್ರಾಂಚಿನ ತುದಿ. ಎರಡು, ಒಳಗೆ ತರುತ್ತಿರುವ ಬ್ರಾಂಚಿನ ತುದಿ. ಮೂರು, ಎರಡೂ ಎಲ್ಲಿಂದ ಕವಲೊಡೆದವೋ ಆ ಕಮಿಟ್, ಅಂದರೆ ಮರ್ಜ್ ಬೇಸ್. ನಡುವೆ ನಡೆದ ಕಮಿಟ್‌ಗಳನ್ನು ಒಂದೊಂದಾಗಿ ಓದುವುದಿಲ್ಲ.

ಆಮೇಲೆ ಲೆಕ್ಕ ಸರಳ. ಒಂದು ಕಡೆ ಬೇಸ್‌ನಲ್ಲಿ ಇದ್ದ ಹಾಗೇ ಇದ್ದು ಇನ್ನೊಂದು ಕಡೆ ಬದಲಾಗಿದ್ದರೆ, ಬದಲಾದದ್ದನ್ನು ತೆಗೆದುಕೊಳ್ಳುತ್ತದೆ. ಎರಡೂ ಕಡೆ ಒಂದೇ ರೀತಿ ಬದಲಾಗಿದ್ದರೆ ಅದನ್ನೇ ಇಟ್ಟುಕೊಳ್ಳುತ್ತದೆ. ಎರಡೂ ಕಡೆ ಬೇರೆ ಬೇರೆ ರೀತಿ ಬದಲಾಗಿದ್ದರೆ ಮಾತ್ರ ನಿಮ್ಮನ್ನು ಕೇಳುತ್ತದೆ.

ನಿಮ್ಮ ಲೆಕ್ಕ: ಬೇಸ್ 30. ರಿಲೀಸ್ ತುದಿ 30. ಡೆವಲಪ್ ತುದಿ 60. ಗಿಟ್ ಕಣ್ಣಿಗೆ ರಿಲೀಸ್ ಆ ಸಾಲನ್ನು ಮುಟ್ಟೇ ಇಲ್ಲ. ಡೆವಲಪ್ ಮಾತ್ರ ಮುಟ್ಟಿದೆ. ಉತ್ತರ 60. ಕೇಳುವುದಕ್ಕೆ ಅದಕ್ಕೆ ಕಾರಣವೇ ಕಾಣಲಿಲ್ಲ.

ಹಸಿರುಪರದೆ:
ಬಹಳ ಸ್ಪಷ್ಟವಾಯಿತು, ಧನ್ಯವಾದ. ಆದರೂ ಒಪ್ಪೋಕೆ ಕಷ್ಟ. ರಿವರ್ಟ್ ಅನ್ನೋದು ನಾವು ಯೋಚಿಸಿ, ಚರ್ಚೆ ಮಾಡಿ, ಕಾರಣ ಬರೆದು ಹಾಕಿದ ಕಮಿಟ್. ಪೂರ್ತಿ ಇತಿಹಾಸ ಗಿಟ್ ಹತ್ತಿರವೇ ಇದೆ. ಎಲ್ಲಾ ಇಟ್ಟುಕೊಂಡು ನೋಡದೇ ಹೋದರೆ ಏನು ಉಪಯೋಗ?

ತಿರುಗುಮುರುಗು:
ಇತಿಹಾಸ ನೋಡುವುದೇ ಇಲ್ಲ ಅಂತಲ್ಲ. ಬೇಸ್ ಯಾವುದು ಅಂತ ಹುಡುಕೋಕೆ ಇತಿಹಾಸ ಬೇಕೇ ಬೇಕು. ನಿಮ್ಮ ಸಮಸ್ಯೆಯ ತಿರುಳು ಅಲ್ಲೇ ಇದೆ.

ಚೆರ್ರಿ-ಪಿಕ್ ಮಾಡಿದಾಗ ಗಿಟ್ ಒಂದು ಹೊಸ ಕಮಿಟ್ ಹುಟ್ಟಿಸುತ್ತದೆ. ಅದಕ್ಕೂ ಮೂಲ ಕಮಿಟ್‌ಗೂ ಗ್ರಾಫ್‌ನಲ್ಲಿ, ಅಂದರೆ ಯಾವ ಕಮಿಟ್ ಯಾವುದರಿಂದ ಬಂತು ಅನ್ನೋ ನಕ್ಷೆಯಲ್ಲಿ, ಸಂಬಂಧ ಇಲ್ಲ. -ಎಕ್ಸ್ ಹಾಕಿ ಚೆರ್ರಿ-ಪಿಕ್ ಮಾಡಿದರೂ ಸಂದೇಶದಲ್ಲಿ ಒಂದು ಸಾಲು ಸೇರುತ್ತದೆ ಅಷ್ಟೇ, ಮರ್ಜ್ ಅದನ್ನು ಓದುವುದಿಲ್ಲ. ಹಾಗಾಗಿ ಬೇಸ್ ಹಳೆಯ ಜಾಗದಲ್ಲೇ ಉಳಿಯಿತು.

ಈಗ ಬೇರೆ ದಾರಿ ನೋಡಿ. ಆ ಬದಲಾವಣೆಯನ್ನು ಕವಲೊಡೆದ ಕಮಿಟ್‌ನಿಂದ ಒಂದು ಸಣ್ಣ ಹಾಟ್‌ಫಿಕ್ಸ್ ಬ್ರಾಂಚ್ ತೆಗೆದು ಅಲ್ಲಿ ಮಾಡಿದ್ದೀರಿ ಅಂದುಕೊಳ್ಳಿ. ಆ ಬ್ರಾಂಚನ್ನು ಡೆವಲಪ್‌ಗೂ ಮರ್ಜ್ ಮಾಡಿದಿರಿ, ರಿಲೀಸ್‌ಗೂ ಮರ್ಜ್ ಮಾಡಿದಿರಿ. ಆಗ ಹೊಸ ಬೇಸ್ ಆ ಹಾಟ್‌ಫಿಕ್ಸ್ ಕಮಿಟ್. ಅದರಲ್ಲಿ 60 ಇದೆ. ಆಮೇಲೆ ರಿಲೀಸ್‌ನಲ್ಲಿ ರಿವರ್ಟ್ ಮಾಡಿದಿರಿ, 30. ಡೆವಲಪ್ 60. ಈಗ ಮರ್ಜ್ ಮಾಡಿದರೆ ಬೇಸ್ 60, ರಿಲೀಸ್ 30, ಡೆವಲಪ್ 60. ಬದಲಾದದ್ದು ರಿಲೀಸ್. ಉತ್ತರ 30.

ಫೈಲಿನಲ್ಲಿ ನಡೆದ ಬದಲಾವಣೆ ಎರಡೂ ಸಲ ಅಕ್ಷರಶಃ ಅದೇ. ಗ್ರಾಫ್ ಬೇರೆ, ಫಲಿತಾಂಶ ಬೇರೆ.

ಹೊಸಬ_ಇಲ್ಲಿ:
ಬೇಸ್ ಯಾವುದು ಅಂತ ನಾವೇ ನೋಡೋಕೆ ಆಗುತ್ತಾ?

ತಿರುಗುಮುರುಗು:
ಆಗುತ್ತೆ. 'ಗಿಟ್ ಮರ್ಜ್-ಬೇಸ್ ರಿಲೀಸ್ ಡೆವಲಪ್' ಅಂತ ಕೊಡಿ, ಕಮಿಟ್ ಗುರುತು ಬರುತ್ತದೆ. ಮರ್ಜ್ ಮಾಡುವ ಮುಂಚೆ ನೋಡಿ. ಮುಗಿದ ಮೇಲೆ ನೋಡಿದರೆ ಉತ್ತರ ಬದಲಾಗಿರುತ್ತದೆ. ಕೊನೆಗೆ --ಆಲ್ ಸೇರಿಸಿದರೆ ಒಂದಕ್ಕಿಂತ ಹೆಚ್ಚು ಬೇಸ್ ಇದ್ದರೆ ಎಲ್ಲಾ ತೋರಿಸುತ್ತದೆ.

ಹೊಸಬ_ಇಲ್ಲಿ:
ಒಂದಕ್ಕಿಂತ ಹೆಚ್ಚು ಬೇಸ್ ಹೇಗೆ ಬರುತ್ತೆ?

ತಿರುಗುಮುರುಗು:
ಎ ಬ್ರಾಂಚನ್ನು ಬಿಗೆ, ಬಿ ಬ್ರಾಂಚನ್ನು ಎಗೆ, ಎರಡನ್ನೂ ಹಳೆಯ ತುದಿಗಳಿಂದ ಅಡ್ಡಡ್ಡ ಮರ್ಜ್ ಮಾಡಿದರೆ ಬರುತ್ತದೆ. ಆಗ ಇಬ್ಬರಿಗೂ ಸಮಾನ ಹಕ್ಕಿರುವ ಎರಡು ಬೇಸ್ ಇರುತ್ತವೆ. ಗಿಟ್ ಆ ಎರಡನ್ನೂ ಮೊದಲು ಒಳಗೊಳಗೇ ಮರ್ಜ್ ಮಾಡಿ ಒಂದು ತಾತ್ಕಾಲಿಕ ಬೇಸ್ ಕಟ್ಟಿಕೊಳ್ಳುತ್ತದೆ. ಹಳೆಯ ವಿಧಾನಕ್ಕೆ ರಿಕರ್ಸಿವ್ ಅಂತ ಹೆಸರು ಬಂದದ್ದು ಇದರಿಂದಲೇ. ಈಗಿನ ವಿಧಾನ ಓಆರ್‌ಟಿ. ಗಿಟ್ 2.34ರಿಂದ, ಅಂದರೆ 2021ರ ನವೆಂಬರ್‌ನಿಂದ ಅದೇ ಡೀಫಾಲ್ಟ್. ಕೆಲಸ ಹೆಚ್ಚು ಕಡಿಮೆ ಅದೇ, ಹೆಸರು ಬದಲಾದ ಫೈಲ್‌ಗಳು ಜಾಸ್ತಿ ಇದ್ದಾಗ ವೇಗದಲ್ಲಿ ಬಹಳ ವ್ಯತ್ಯಾಸ ಇದೆ.

ಅಲ್ಪವಿರಾಮ:
ಎಲ್ಲರೂ ಗಿಟ್ ಸರಿ, ನೀವು ತಪ್ಪು ಅನ್ನೋ ಧಾಟಿಯಲ್ಲಿ ಹೇಳುತ್ತಿದ್ದೀರಿ. ನನ್ನ ಪ್ರಕಾರ ಇದು ವಿನ್ಯಾಸದ ದೋಷ. ಬಳಸುವವರಿಗೆ ಆಶ್ಚರ್ಯ ಆಗುವ ಹಾಗೆ, ಅದೂ ಒಂದು ಮಾತೂ ಹೇಳದೆ, ಬದಲಾವಣೆ ವಾಪಸ್ ತರುವ ಸಾಧನವನ್ನು ಸಮರ್ಥಿಸಬಾರದು. ಕನಿಷ್ಠ ಒಂದು ಎಚ್ಚರಿಕೆ ಕೊಡಬಹುದಿತ್ತು.

ಹಳೇಟರ್ಮಿನಲ್:
ಗಿಟ್ ಮರ್ಜ್‌ನ ಕೈಪಿಡಿ ಪುಟದಲ್ಲೇ ಇದನ್ನು ಬರೆದಿದ್ದಾರೆ. ಬದಲಾವಣೆ ಎರಡೂ ಬ್ರಾಂಚ್‌ನಲ್ಲಿ ಆಗಿ, ಒಂದರಲ್ಲಿ ಆಮೇಲೆ ರಿವರ್ಟ್ ಆಗಿದ್ದರೆ, ಮರ್ಜ್‌ನಲ್ಲಿ ಆ ಬದಲಾವಣೆ ಇರುತ್ತದೆ, ಕೆಲವರಿಗೆ ಇದು ಗೊಂದಲ ಅನ್ನಿಸುತ್ತದೆ ಅಂತ. ಅಂದರೆ ಗೊತ್ತಿದ್ದೇ ಹೀಗೆ ಇಟ್ಟಿದ್ದಾರೆ.

ಯಾಕೆ ಇಟ್ಟಿದ್ದಾರೆ ಅನ್ನೋದೂ ಯೋಚಿಸಿ. ನನ್ನ ಬ್ರಾಂಚಿನಲ್ಲಿ ನಾನು ಒಂದು ಸಾಲನ್ನು ಹತ್ತು ರೀತಿ ಬರೆದು ಅಳಿಸಿ, ಕೊನೆಗೆ ಮೊದಲಿನ ಹಾಗೇ ಬಿಡುತ್ತೇನೆ. ನಡುವಿನ ಒಂದೊಂದು ಹೆಜ್ಜೆಗೂ ಗಿಟ್ ಬೆಲೆ ಕೊಟ್ಟರೆ ಮರ್ಜ್ ಮಾಡುವವರಿಗೆ ನೂರು ಕಾನ್ಫ್ಲಿಕ್ಟ್. ತುದಿಗಳನ್ನು ಮಾತ್ರ ನೋಡುವುದರಿಂದ ನಡುವಿನ ಗದ್ದಲ ಮಾಯವಾಗುತ್ತದೆ. ಅದು ಬೇಕು ಅಂತಲೇ ಮಾಡಿರುವುದು.

ಎಚ್ಚರಿಕೆ ಕೊಡಬಹುದಿತ್ತು ಅನ್ನೋ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಎಚ್ಚರಿಕೆ ಕೊಡೋಕೆ ನಡುವಿನ ಕಮಿಟ್‌ಗಳನ್ನೆಲ್ಲಾ ಓದಬೇಕಾಗುತ್ತದೆ.

ಅಲ್ಪವಿರಾಮ:
ಓದಲಿ ಬಿಡಿ. ಕಂಪ್ಯೂಟರ್‌ಗೆ ಅದೇನು ಕಷ್ಟ?

ಬೈಟ್‌ಬಳಗ:
ವಾದ ಆಮೇಲೆ ಮಾಡೋಣ, ಅವರಿಗೆ ಪರಿಹಾರ ಬೇಕು. ಯಾವ ಫೈಲನ್ನು ಗಿಟ್ ಹೇಗೆ ನೋಡಬೇಕು ಅಂತ ಬರೆಯುವ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಆ ಕಾನ್ಫಿಗ್ ಫೈಲಿನ ಹೆಸರಿನ ಮುಂದೆ 'ಮರ್ಜ್=ಅವರ್ಸ್' (ನಮ್ಮದು) ಅಂತ ಹಾಕಿ. ಮುಂದೆ ಯಾವಾಗಲೂ ರಿಲೀಸ್‌ನದ್ದೇ ಉಳಿಯುತ್ತದೆ.

ಮೂರನೇಸಾಲು:
ಇದು ಎರಡು ಕಾರಣಕ್ಕೆ ಕೆಲಸ ಮಾಡುವುದಿಲ್ಲ.

'ಅವರ್ಸ್' ಅನ್ನೋ ಡ್ರೈವರ್ (ಫೈಲನ್ನು ಮರ್ಜ್ ಮಾಡುವ ಪ್ರೋಗ್ರಾಂ) ಗಿಟ್ ಜೊತೆ ಬರುವುದೇ ಇಲ್ಲ. ಕಾನ್ಫಿಗ್‌ನಲ್ಲಿ ನೀವೇ ಬರೆದುಕೊಳ್ಳಬೇಕು, ಅದೂ ತಂಡದ ಪ್ರತಿಯೊಬ್ಬರ ಗಣಕದಲ್ಲೂ. ಬರೆಯದಿದ್ದರೆ ಗಿಟ್ ಮಾಮೂಲಿ ಮರ್ಜನ್ನೇ ಮಾಡುತ್ತದೆ. ಫೈಲಿನಲ್ಲಿ ಹಾಕಿ ನೆಮ್ಮದಿಯಾಗಿದ್ದವರನ್ನು ಬಹಳ ನೋಡಿದ್ದೇನೆ.

ಎರಡನೆಯದು ಮುಖ್ಯ. ಬರೆದುಕೊಂಡರೂ ಡ್ರೈವರನ್ನು ಗಿಟ್ ಕರೆಯುವುದು ಫೈಲ್ ಎರಡೂ ಕಡೆ ಬದಲಾಗಿದ್ದಾಗ ಮಾತ್ರ. ಒಂದೇ ಕಡೆ ಬದಲಾಗಿದ್ದರೆ ಬದಲಾದ ಫೈಲನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಇವರ ರಿಲೀಸ್‌ನಲ್ಲಿ ಆ ಫೈಲ್ ಬೇಸ್‌ನ ಹಾಗೇ ಇದ್ದರೆ ಡ್ರೈವರ್ ಓಡುವುದೇ ಇಲ್ಲ.

ಬೈಟ್‌ಬಳಗ:
ಒಳ್ಳೆಯ ಮಾಹಿತಿ. ಹಾಗಾದರೆ ಮರ್ಜ್ ಮಾಡುವಾಗ '-ಎಕ್ಸ್ ಅವರ್ಸ್' ಕೊಟ್ಟರೆ?

ಮೂರನೇಸಾಲು:
ಅದೂ ಕಾನ್ಫ್ಲಿಕ್ಟ್ ಬಂದ ಜಾಗಕ್ಕೆ ಮಾತ್ರ. ಇಲ್ಲಿ ಕಾನ್ಫ್ಲಿಕ್ಟ್ ಇಲ್ಲವಲ್ಲ. ಮತ್ತೆ ಯಾರೂ '-ಎಸ್ ಅವರ್ಸ್' ಜೊತೆ ಇದನ್ನು ಬೆರೆಸಬೇಡಿ. ದೊಡ್ಡ ಎಕ್ಸ್ ಅಂದರೆ ಕಾನ್ಫ್ಲಿಕ್ಟ್ ಬಂದಲ್ಲಿ ನನ್ನದು ಇಟ್ಟುಕೋ ಅಂತ. ಸಣ್ಣ ಎಸ್ ಅಂದರೆ ಆ ಕಡೆಯಿಂದ ಏನನ್ನೂ ತೆಗೆದುಕೊಳ್ಳದೆ ಮರ್ಜ್ ಆಯಿತು ಅಂತ ಮಾತ್ರ ದಾಖಲಿಸು ಅಂತ. ಎರಡನೆಯದನ್ನು ಮೊದಲನೆಯದು ಅಂದುಕೊಂಡು ಕೊಟ್ಟರೆ ಡೆವಲಪ್‌ನ ಇಡೀ ಕೆಲಸ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮುಂದಿನ ಮರ್ಜ್‌ಗಳಲ್ಲೂ ಬರುವುದಿಲ್ಲ, ಯಾಕೆಂದರೆ ಬೇಸ್ ಮುಂದೆ ಹೋಗಿರುತ್ತದೆ.

ರೀಬೇಸ್‌ಪ್ರಿಯ:
ರೀಬೇಸ್ ಮಾಡಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

ಹಳೇಟರ್ಮಿನಲ್:
ಪ್ರತಿ ಚರ್ಚೆಯಲ್ಲೂ ಯಾರಾದರೂ ಇದನ್ನು ಹೇಳುತ್ತಾರೆ. ಇಲ್ಲಿಗೆ ಅದು ಹೇಗೆ ಸಂಬಂಧ?

ರೀಬೇಸ್‌ಪ್ರಿಯ:
ಸಂಬಂಧ ಇದೆ, ಸುಮ್ನೆ ಹೇಳಿಲ್ಲ. ರೀಬೇಸ್ ಒಂದು ಬ್ರಾಂಚಿನ ಕಮಿಟ್‌ಗಳನ್ನು ಇನ್ನೊಂದರ ತುದಿಯ ಮೇಲೆ ಒಂದೊಂದಾಗಿ ಮತ್ತೆ ಹಚ್ಚುತ್ತದೆ. ಹಚ್ಚುವ ಮುಂಚೆ ಪ್ರತಿ ಕಮಿಟ್‌ನ ವ್ಯತ್ಯಾಸದಿಂದ ಒಂದು ಗುರುತು ಲೆಕ್ಕ ಹಾಕುತ್ತದೆ, ಪ್ಯಾಚ್-ಐಡಿ ಅಂತ. ಅದೇ ಗುರುತಿನ ಕಮಿಟ್ ಆ ಕಡೆ ಆಗಲೇ ಇದ್ದರೆ ಬಿಟ್ಟುಬಿಡುತ್ತದೆ. ಡೆವಲಪ್ ಅನ್ನು ರಿಲೀಸ್ ಮೇಲೆ ರೀಬೇಸ್ ಮಾಡಿದ್ದರೆ, 60 ಮಾಡಿದ ಕಮಿಟ್ ರಿಲೀಸ್‌ನಲ್ಲಿ ಆಗಲೇ ಇದೆ ಅಂತ ಅದನ್ನು ಕೈಬಿಡುತ್ತಿತ್ತು. ರಿಲೀಸ್‌ನ ರಿವರ್ಟ್ ಉಳಿಯುತ್ತಿತ್ತು. ಉತ್ತರ 30. ಉಲ್ಟಾ ಮಾಡಿ, ರಿಲೀಸ್ ಅನ್ನು ಡೆವಲಪ್ ಮೇಲೆ ಕೂರಿಸಿದರೂ ಚೆರ್ರಿ-ಪಿಕ್ ಕಮಿಟ್ ಬಿಟ್ಟುಹೋಗಿ ರಿವರ್ಟ್ ಮಾತ್ರ ಹಚ್ಚಿಕೊಳ್ಳುತ್ತದೆ. ಆಗಲೂ 30.

ಹಳೇಟರ್ಮಿನಲ್:
ಈ ಉದಾಹರಣೆಗೆ ನೀವು ಹೇಳಿದ್ದು ಸರಿ, ಒಪ್ಪುತ್ತೇನೆ. ಆದರೆ ಅದನ್ನು ನಂಬಿಕೊಂಡು ಕೂರಲಾಗದು. ಚೆರ್ರಿ-ಪಿಕ್ ಮಾಡುವಾಗ ಸುತ್ತಲಿನ ಸಾಲುಗಳು ಸ್ವಲ್ಪ ಬೇರೆ ಇದ್ದರೆ ಪ್ಯಾಚ್-ಐಡಿ ಬೇರೆಯಾಗುತ್ತದೆ. ಆಗ ರೀಬೇಸ್ ಆ ಕಮಿಟ್ ಬಿಡುವುದಿಲ್ಲ, 30 ಇದ್ದ ಕಡೆ 60 ಅಂತ ನೀಟಾಗಿ ಹಚ್ಚುತ್ತದೆ. ಮತ್ತೆ ಅದೇ ಕಥೆ. ಅದೂ ಅಲ್ಲದೆ ಡೆವಲಪ್, ರಿಲೀಸ್ ಎರಡೂ ಎಲ್ಲರೂ ಬಳಸುವ ಬ್ರಾಂಚ್. ಅವುಗಳ ಇತಿಹಾಸ ತಿದ್ದಿ ಬರೆದರೆ ತಂಡದ ಉಳಿದವರ ಗತಿ ಏನು?

ರೀಬೇಸ್‌ಪ್ರಿಯ:
ಹಂಚಿಕೊಂಡ ಬ್ರಾಂಚನ್ನು ರೀಬೇಸ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಫೀಚರ್ ಬ್ರಾಂಚ್‌ಗಳನ್ನು ಚಿಕ್ಕದಾಗಿಟ್ಟು ದಿನವೂ ರೀಬೇಸ್ ಮಾಡಿದರೆ ಬೇಸ್ ಹಳೆಯದಾಗುವುದೇ ಇಲ್ಲ ಅನ್ನೋದು ನನ್ನ ಮಾತು. ಬೇಸ್ ಹಳೆಯದಾದಷ್ಟೂ ಇಂಥ ಅನಾಹುತ ಜಾಸ್ತಿ.

ತಿರುಗುಮುರುಗು:
ಕೊನೆಯ ಮಾತಿಗೆ ನನ್ನ ಮತ.

ರೀಬೇಸ್ ವಿಷಯ ಬಂತು ಅಂತ ಒಂದು ಕಿವಿಮಾತು. ರೀಬೇಸ್ ನಡುವೆ ಕಾನ್ಫ್ಲಿಕ್ಟ್ ಬಂದರೆ ಅವರ್ಸ್, ದೇರ್ಸ್ ಅದಲುಬದಲಾಗಿರುತ್ತವೆ. ನೀವು ಯಾವುದರ ಮೇಲೆ ಕೂರುತ್ತಿದ್ದೀರೋ ಅದು ಅವರ್ಸ್. ನಿಮ್ಮ ಸ್ವಂತ ಕಮಿಟ್ ದೇರ್ಸ್. ಇದು ಗೊತ್ತಿಲ್ಲದೆ ತಮ್ಮದೇ ಕೆಲಸ ಅಳಿಸಿಕೊಂಡವರು ಬಹಳ.

ಟೆಸ್ಟ್‌ಮಾಡಿ:
ನೀವೆಲ್ಲಾ ಒಂದು ಸಾಲಿನ ಬಗ್ಗೆ ಮಾತಾಡುತ್ತಿದ್ದೀರಿ. ಕಾನ್ಫ್ಲಿಕ್ಟ್ ಬಂದಿಲ್ಲ ಅಂದರೆ ಮರ್ಜ್ ಸರಿಯಾಗಿದೆ ಅನ್ನೋ ನಂಬಿಕೆಯೇ ಬುಡದಲ್ಲಿ ತಪ್ಪು. ಗಿಟ್‌ಗೆ ಗೊತ್ತಿರುವುದು ಸಾಲುಗಳು. ಕೋಡಿನ ಅರ್ಥ ಗೊತ್ತಿಲ್ಲ.

ಒಬ್ಬರು ಒಂದು ಫಂಕ್ಷನ್‌ನ ಹೆಸರು ಬದಲಿಸಿ, ಅದನ್ನು ಕರೆಯುವ ಎಲ್ಲಾ ಕಡೆ ತಿದ್ದುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಬೇರೆ ಫೈಲಿನಲ್ಲಿ ಹಳೆಯ ಹೆಸರಿನಿಂದ ಹೊಸದಾಗಿ ಕರೆಯುತ್ತಾರೆ. ಫೈಲ್ ಬೇರೆ, ಸಾಲು ಬೇರೆ. ಮರ್ಜ್ ಸಲೀಸು. ಕಂಪೈಲ್ ಆಗುವ ಭಾಷೆಯಾದರೆ ಬಿಲ್ಡ್ ಒಡೆಯುತ್ತದೆ, ಗೊತ್ತಾಗುತ್ತದೆ. ಪೈಥಾನ್, ಜಾವಾಸ್ಕ್ರಿಪ್ಟ್ ಥರದ ಭಾಷೆಯಾದರೆ ಆ ಸಾಲು ಓಡುವವರೆಗೂ ಯಾರಿಗೂ ತಿಳಿಯುವುದಿಲ್ಲ.

ಡೇಟಾಬೇಸ್ ಮೈಗ್ರೇಷನ್ (ಡೇಟಾಬೇಸಿನ ರಚನೆ ಬದಲಿಸಲು ಸಂಖ್ಯೆಯ ಕ್ರಮದಲ್ಲಿ ಓಡುವ ಫೈಲ್‌ಗಳು) ಇನ್ನೂ ಕೆಟ್ಟದು. ಇಬ್ಬರೂ ತಮ್ಮ ತಮ್ಮ ಬ್ರಾಂಚಿನಲ್ಲಿ ಮುಂದಿನ ಸಂಖ್ಯೆ 42 ಅಂತ ಎರಡು ಬೇರೆ ಹೆಸರಿನ ಫೈಲ್ ಸೇರಿಸುತ್ತಾರೆ. ಗಿಟ್‌ಗೆ ಅವು ಎರಡು ಹೊಸ ಫೈಲ್, ತಕರಾರೇ ಇಲ್ಲ. ಓಡಿಸುವಾಗ ಯಾವುದು ಮೊದಲು?

ಎರಡೂ ಬ್ರಾಂಚ್ ಬೇರೆ ಬೇರೆಯಾಗಿ ಟೆಸ್ಟ್ ಪಾಸಾಗಿದ್ದರೆ ಸಾಲದು. ಮರ್ಜ್ ಆದ ಮೇಲಿನ ಕೋಡನ್ನು ಟೆಸ್ಟ್ ಮಾಡಬೇಕು, ಅದೂ ಮುಖ್ಯ ಬ್ರಾಂಚಿಗೆ ಸೇರುವ ಮುಂಚೆ. ಮರ್ಜ್ ಕ್ಯೂ ಅನ್ನೋ ವ್ಯವಸ್ಥೆ ಇರೋದು ಇದಕ್ಕೇ.

ಕೊನೆಯಕಮಿಟ್:
ಎಲ್ಲಾ ತಂಡಕ್ಕೂ ಅಷ್ಟು ಟೆಸ್ಟ್ ಬರೆಯೋ ಪುರುಸೊತ್ತು ಇರಲ್ಲ.

ಟೆಸ್ಟ್‌ಮಾಡಿ:
ತಪ್ಪಾದ ಮರ್ಜನ್ನು ಹುಡುಕೋಕೆ ಪುರುಸೊತ್ತು ಇರುತ್ತಾ? ಕನಿಷ್ಠ ಬಿಲ್ಡ್ ಮಾಡಿ ಒಂದು ಸಲ ಓಡಿಸಿ. ಅಷ್ಟಾದರೂ ಮಾಡಬಹುದು.

ಹಸಿರುಪರದೆ:
ನಮ್ಮ ಟೆಸ್ಟ್‌ಗಳು ಟೈಮ್‌ಔಟ್ ಎಷ್ಟು ಅಂತ ನೋಡುವುದಿಲ್ಲ. ಹಾಗಾಗಿ ಎಲ್ಲಾ ಪಾಸಾಗಿತ್ತು. ಮರ್ಜ್ ಮುಗಿದ ಮೇಲೆ ಕಣ್ಣಿಂದ ನೋಡಿ ಪತ್ತೆ ಮಾಡೋಕೆ ಏನಾದರೂ ದಾರಿ ಇದೆಯಾ?

ಕೀಲಿಮಣೆ:
'ಗಿಟ್ ಶೋ --ರಿಮರ್ಜ್-ಡಿಫ್' ಬಳಸಿ. ಗಿಟ್ 2.35ರಲ್ಲಿ ಬಂತು.

ತಿರುಗುಮುರುಗು:
ಅದು ಒಳ್ಳೆಯ ಸಾಧನ, ಆದರೆ ಇಲ್ಲಿಗೆ ಖಾಲಿ ಬರುತ್ತದೆ. ಅದು ಮರ್ಜನ್ನು ತಾನೇ ಮತ್ತೆ ಮಾಡಿ ನೋಡಿ, ಮನುಷ್ಯರು ಅದರ ಮೇಲೆ ಏನು ಕೈಯಾಡಿಸಿದರು ಅನ್ನೋದನ್ನು ತೋರಿಸುತ್ತದೆ. ಕಾನ್ಫ್ಲಿಕ್ಟ್ ಬಿಡಿಸುವ ನೆಪದಲ್ಲಿ ಯಾರಾದರೂ ಬೇರೆ ಏನೋ ಸೇರಿಸಿದ್ದರೆ ಹಿಡಿಯೋಕೆ ಬೇಕು. ಇಲ್ಲಿ ಗಿಟ್ ತಾನೇ 60 ಮಾಡಿದ್ದು, ಯಾರೂ ಕೈ ಹಾಕಿಲ್ಲ.

ಹಸಿರುಪರದೆ ಅವರಿಗೆ ಬೇಕಾದ್ದು ಮೊದಲ ಪೇರೆಂಟ್, ಅಂದರೆ ಮರ್ಜ್‌ಗೆ ಮುಂಚಿನ ರಿಲೀಸ್ ತುದಿ, ಅದರ ಜೊತೆಗಿನ ಹೋಲಿಕೆ. ಮರ್ಜ್ ಕಮಿಟನ್ನು ಅದರ ಮೊದಲ ಪೇರೆಂಟ್ ಜೊತೆ ಡಿಫ್ ಮಾಡಿ. ಈ ಮರ್ಜ್‌ನಿಂದ ರಿಲೀಸ್‌ಗೆ ಏನೇನು ಬಂತು ಅನ್ನೋದು ಪೂರ್ತಿ ಕಾಣುತ್ತದೆ, 30 ಹೋಗಿ 60 ಬಂದದ್ದೂ ಸೇರಿ. ಇನ್ನೂ ಒಳ್ಳೆಯದು, ಮೊದಲೇ --ನೋ-ಕಮಿಟ್ ಹಾಕಿ ಮರ್ಜ್ ಮಾಡಿ, ಹೆಡ್ (ನೀವು ನಿಂತಿರುವ ಕಮಿಟ್) ಜೊತೆ ಡಿಫ್ ನೋಡಿ, ಆಮೇಲೆ ಕಮಿಟ್ ಮಾಡಿ. ಬೇಡ ಅನ್ನಿಸಿದರೆ 'ಗಿಟ್ ಮರ್ಜ್ --ಅಬಾರ್ಟ್'.

ಮತ್ತೊಂದು: ಮರ್ಜ್ ಮುಂಚೆ ಬೇಸ್‌ನಿಂದ ಈಚೆಗಿನ ರಿಲೀಸ್ ಲಾಗ್‌ನಲ್ಲಿ ರಿವರ್ಟ್ ಅನ್ನೋ ಪದ ಹುಡುಕಿ. ಪ್ರತಿ ರಿವರ್ಟ್‌ಗೂ ಕೇಳಿಕೊಳ್ಳಿ, ಇದರ ಮೂಲ ಆ ಕಡೆ ಇನ್ನೂ ಇದೆಯಾ ಅಂತ. ಇದ್ದರೆ ವಾಪಸ್ ಬರೋ ಸಾಧ್ಯತೆ ಇದೆ.

ಹಸಿರುಪರದೆ:
ಲಾಗ್ ಹುಡುಕುವ ಉಪಾಯ ಚೆನ್ನಾಗಿದೆ. ಇವತ್ತೇ ರಿಲೀಸ್ ಮಾಡುವ ಮುಂಚಿನ ಪಟ್ಟಿಗೆ ಸೇರಿಸುತ್ತೇನೆ. ಟೈಮ್‌ಔಟನ್ನು ಬ್ರಾಂಚಿನಲ್ಲಿ ಇಡದೆ ಹೊರಗಿನ ಸೆಟ್ಟಿಂಗ್‌ಗೆ ಒಯ್ಯೋಣ ಅಂತಲೂ ಮಾತಾಡಿಕೊಂಡೆವು.

ಟೆಸ್ಟ್‌ಮಾಡಿ:
ಅದನ್ನು ಖಂಡಿತ ಮಾಡಿ. ಜಾಗದಿಂದ ಜಾಗಕ್ಕೆ ಬೇರೆ ಇರಬೇಕಾದ ಮೌಲ್ಯ ಬ್ರಾಂಚಿನಲ್ಲಿ ಇರಲೇಬಾರದು.

ಹೊಸಬ_ಇಲ್ಲಿ:
ನನಗೆ ಇದರ ಉಲ್ಟಾ ಆಗಿದೆ. ಫೀಚರ್ ಬ್ರಾಂಚನ್ನು ಮೇನ್‌ಗೆ (ಮುಖ್ಯ ಬ್ರಾಂಚ್) ಮರ್ಜ್ ಮಾಡಿದ್ದೆವು. ಬಗ್ ಇತ್ತು ಅಂತ ಹಿರಿಯರು ಆ ಮರ್ಜನ್ನೇ ರಿವರ್ಟ್ ಮಾಡಿದರು. ನಾನು ಫೀಚರ್ ಬ್ರಾಂಚಿನಲ್ಲಿ ಬಗ್ ಸರಿ ಮಾಡಿ ಮತ್ತೆ ಮರ್ಜ್ ಮಾಡಿದೆ. ಬಗ್ ಸರಿ ಮಾಡಿದ ಕಮಿಟ್ ಮಾತ್ರ ಬಂತು, ಫೀಚರ್ ಬರಲೇ ಇಲ್ಲ!

ಮೂರನೇಸಾಲು:
ಅದೇ ನಿಯಮ, ಬೇಸ್ ಮಾತ್ರ ಬೇರೆ. ಮೊದಲ ಮರ್ಜ್ ಆದಾಗ ಬೇಸ್ ನಿಮ್ಮ ಫೀಚರ್‌ನ ಹಳೆಯ ತುದಿಗೆ ಬಂತು. ಆ ಬೇಸ್‌ನಲ್ಲಿ ಫೀಚರ್ ಇದೆ. ಮೇನ್‌ನಲ್ಲಿ ರಿವರ್ಟ್ ಆಗಿ ಇಲ್ಲ. ನಿಮ್ಮ ಬ್ರಾಂಚಿನಲ್ಲಿ ಬೇಸ್‌ನ ಹಾಗೇ ಇದೆ. ಹಾಗಾದರೆ ಬದಲಾವಣೆ ಮಾಡಿದ್ದು ಯಾರು? ಮೇನ್, ಅಳಿಸಿದೆ. ಅಳಿಸಿದ್ದೇ ನಿಲ್ಲುತ್ತದೆ.

ಪರಿಹಾರ: ಮೇನ್‌ನಲ್ಲಿರುವ ರಿವರ್ಟ್ ಕಮಿಟನ್ನೇ ರಿವರ್ಟ್ ಮಾಡಿ, ಆಮೇಲೆ ಸರಿ ಮಾಡಿದ ಬ್ರಾಂಚನ್ನು ಮರ್ಜ್ ಮಾಡಿ. ಕೇಳೋಕೆ ವಿಚಿತ್ರ, ಆದರೆ ಗಿಟ್ ದಾಖಲೆಯಲ್ಲೂ ಇದೇ ಸಲಹೆ ಇದೆ. ಇದಕ್ಕೇ ನಾನು ಹೇಳೋದು, ಮರ್ಜ್ ಕಮಿಟನ್ನು ರಿವರ್ಟ್ ಮಾಡಿದರೆ ಕೋಡ್ ವಾಪಸ್ ಹೋಗುತ್ತದೆ, ಮರ್ಜ್ ಆಗಿದೆ ಅನ್ನೋ ದಾಖಲೆ ವಾಪಸ್ ಹೋಗಲ್ಲ.

ಹೊಸಬ_ಇಲ್ಲಿ:
ಆಗ ನಾನು ಫೈಲ್‌ಗಳನ್ನು ಕೈಯಲ್ಲೇ ನಕಲು ಮಾಡಿ ಹಾಕಿದ್ದೆ. ಇನ್ನು ಮುಂದೆ ಹೀಗೆ ಮಾಡುತ್ತೇನೆ. ತುಂಬಾ ಥ್ಯಾಂಕ್ಸ್ ಸರ್.

ಅಲ್ಪವಿರಾಮ:
ನೋಡಿ, ಒಂದು ಕಡೆ ಬೇಡದ್ದು ವಾಪಸ್ ಬರುತ್ತೆ, ಇನ್ನೊಂದು ಕಡೆ ಬೇಕಾದ್ದು ಬರಲ್ಲ. ಎರಡಕ್ಕೂ ನೀವು 'ಅದೇ ನಿಯಮ' ಅನ್ನುತ್ತೀರಿ. ನಿಯಮ ಸರಳ ಇರಬಹುದು, ಆದರೆ ಮನುಷ್ಯರು ಯೋಚಿಸೋ ರೀತಿಗೆ ಹೊಂದಲ್ಲ. ನಾವು ಬದಲಾವಣೆಗಳ ಬಗ್ಗೆ ಯೋಚಿಸುತ್ತೇವೆ, ಗಿಟ್ ಚಿತ್ರಗಳ ಬಗ್ಗೆ ಯೋಚಿಸುತ್ತದೆ. ಗಿಟ್‌ನಂಥದ್ದೇ ಬೇರೆ ಸಾಧನಗಳಾದ ಡಾರ್ಕ್ಸ್, ಪಿಹುಲ್ ಥರದವು ಬದಲಾವಣೆಯನ್ನೇ (ಪ್ಯಾಚ್) ಮೂಲ ಘಟಕ ಮಾಡಿಕೊಂಡಿವೆ. ಅಲ್ಲಿ ಒಂದು ಪ್ಯಾಚನ್ನು ಇನ್ನೊಂದು ಕಡೆಗೆ ಎಳೆದುಕೊಂಡರೆ ಅದು ಅದೇ ಪ್ಯಾಚ್, ಗುರುತು ಬದಲಾಗಲ್ಲ. ಹಸಿರುಪರದೆ ಅವರ ಉದಾಹರಣೆಯಲ್ಲಿ ರಿಲೀಸ್ ಹತ್ತಿರ ಪ್ಯಾಚ್ ಇದೆ, ಅದನ್ನು ರದ್ದು ಮಾಡೋ ಪ್ಯಾಚ್ ಕೂಡ ಇದೆ. ಡೆವಲಪ್ ಹತ್ತಿರ ಮೊದಲನೆಯದು ಮಾತ್ರ. ಸೇರಿಸಿದರೆ 30 ಬರುತ್ತೆ. ಯಾರಿಗೂ ಆಶ್ಚರ್ಯ ಇಲ್ಲ.

ಹಳೇಟರ್ಮಿನಲ್:
ಈ ಮಾತಲ್ಲಿ ತೂಕ ಇದೆ. ಆದರೆ ಹಳೆಯ ಡಾರ್ಕ್ಸ್‌ನಲ್ಲಿ ಕೆಲವು ಕಾನ್ಫ್ಲಿಕ್ಟ್‌ಗಳು ಬಿಡಿಸಲು ವಿಪರೀತ ಸಮಯ ತಿನ್ನುತ್ತಿದ್ದವು. ಅದು ಅದರ ಹೆಸರನ್ನು ಕೆಡಿಸಿತು. ಪಿಹುಲ್ ಆ ತೊಂದರೆ ಬಿಡಿಸೋಕೆ ಅಂತಲೇ ಬೇರೆ ದಾರಿ ಹಿಡಿಯಿತು. ಗಿಟ್ 2005ರಲ್ಲಿ ಹುಟ್ಟಿದ್ದು ಲಿನಕ್ಸ್ ಕರ್ನಲ್‌ಗೋಸ್ಕರ. ಅಷ್ಟು ದೊಡ್ಡ ಕೋಡಿಗೆ ವೇಗ ಬೇಕಿತ್ತು. ಮೂರು ಚಿತ್ರ ಹೋಲಿಸೋದು ವೇಗ, ಊಹಿಸೋದೂ ಸುಲಭ.

ಅದಕ್ಕೂ ಹಿಂದಿನ ಕಾಲ ನೋಡಿದವರಿಗೆ ಇದೇ ದೊಡ್ಡ ವರ. ಇಂಥದ್ದೇ ಹಳೆಯ ಸಾಧನ, 1980ರ ದಶಕದ ಆರ್‌ಸಿಎಸ್‌ನಲ್ಲಿ ಫೈಲ್ ತಿದ್ದಬೇಕಾದರೆ ಬೀಗ ಹಾಕಿಕೊಳ್ಳಬೇಕಿತ್ತು. ಬೀಗ ಹಾಕಿದವರು ಬಿಡುವವರೆಗೆ ಉಳಿದವರು ಕಾಯಬೇಕು. ಎಲ್ಲರೂ ತಿದ್ದಿ, ಆಮೇಲೆ ಸೇರಿಸೋಣ ಅನ್ನೋದನ್ನು ರೂಢಿಗೆ ತಂದದ್ದು ಆಮೇಲೆ ಬಂದ ಸಿವಿಎಸ್. ಅದರ ನಂತರದ ಸಬ್‌ವರ್ಷನ್‌ನಲ್ಲಿ ಯಾವ ರಿವಿಷನ್ (ಬದಲಾವಣೆ) ಮರ್ಜ್ ಆಗಿದೆ ಅಂತ ತಾನೇ ನೆನಪಿಡುವ ಸೌಲಭ್ಯ ಬಂದದ್ದು 1.5ರಲ್ಲಿ, 2008ಕ್ಕೆ. ಅದಕ್ಕೂ ಮುಂಚೆ ರಿವಿಷನ್ ಸಂಖ್ಯೆಗಳನ್ನು ನಾವೇ ಬರೆದಿಟ್ಟುಕೊಳ್ಳುತ್ತಿದ್ದೆವು.

ಬೈಟ್‌ಬಳಗ:
ಬೀಗ ಈಗಲೂ ಬೇಕಾಗುತ್ತೆ. ಚಿತ್ರ, ವಿಡಿಯೋ, ಮೂರು ಆಯಾಮದ ಮಾದರಿ ಇಂಥ ಬೈನರಿ ಫೈಲ್ ಮರ್ಜ್ ಆಗಲ್ಲ. ಇದು ಬೇಕಾ ಅದು ಬೇಕಾ ಅಷ್ಟೇ. ದೊಡ್ಡ ಫೈಲ್‌ಗಳಿಗಿರುವ ಗಿಟ್ ಎಲ್‌ಎಫ್‌ಎಸ್‌ನಲ್ಲಿ ಬೀಗದ ಸೌಲಭ್ಯ ಇಟ್ಟಿರೋದು ಸುಮ್ನೆ ಅಲ್ಲ.

ಕೀಲಿಮಣೆ:
ಪ್ಯಾಕೇಜ್ ಲಾಕ್ ಫೈಲ್‌ಗಳನ್ನೂ (ಯಾವ ಲೈಬ್ರರಿಯ ಯಾವ ಆವೃತ್ತಿ ಅಂತ ಸಾಧನವೇ ಬರೆಯುವ ಫೈಲ್) ಆ ಪಟ್ಟಿಗೆ ಸೇರಿಸಿ. ಅವನ್ನು ಕೈಯಲ್ಲಿ ಮರ್ಜ್ ಮಾಡಲೇಬೇಡಿ. ಮೂಲ ಪಟ್ಟಿಯನ್ನು ಸರಿಯಾಗಿ ಮರ್ಜ್ ಮಾಡಿ, ಲಾಕ್ ಫೈಲನ್ನು ಸಾಧನದಿಂದ ಮತ್ತೆ ಹುಟ್ಟಿಸಿ.

ಕೊನೆಯಕಮಿಟ್:
ನನಗೆ ತಲೆ ತಿನ್ನೋದು ಕಾನ್ಫ್ಲಿಕ್ಟ್ ಬಂದಾಗ. ಮೇಲೆ ಒಂದು, ಕೆಳಗೆ ಒಂದು ತೋರಿಸುತ್ತೆ. ಕೆಲವು ಸಲ ಒಂದು ಕಡೆ ಸಾಲುಗಳಿವೆ, ಇನ್ನೊಂದು ಕಡೆ ಖಾಲಿ. ಅವರು ಅಳಿಸಿದರೋ ನಾನು ಸೇರಿಸಿದೆನೋ ಹೇಗೆ ಗೊತ್ತಾಗಬೇಕು?

ಮೂರನೇಸಾಲು:
ಡೀಫಾಲ್ಟ್ ನೋಟದಲ್ಲಿ ಗೊತ್ತಾಗುವುದೇ ಇಲ್ಲ, ಯಾಕೆಂದರೆ ಬೇಸ್ ತೋರಿಸಲ್ಲ. ಕಾನ್ಫಿಗ್‌ನಲ್ಲಿ ಮರ್ಜ್.ಕಾನ್ಫ್ಲಿಕ್ಟ್‌ಸ್ಟೈಲ್ ಅನ್ನೋದನ್ನು ಡಿಫ್3 ಮಾಡಿ. ಎರಡರ ನಡುವೆ ಬೇಸ್‌ನಲ್ಲಿ ಏನಿತ್ತು ಅಂತ ಮೂರನೇ ಭಾಗ ಬರುತ್ತದೆ. ಗಿಟ್ 2.35ರಿಂದ ಝಡ್‌ಡಿಫ್3 ಕೂಡ ಇದೆ. ಅದು ಎರಡೂ ಕಡೆ ಆರಂಭದಲ್ಲಿ, ಕೊನೆಯಲ್ಲಿ ಒಂದೇ ಆಗಿರುವ ಸಾಲುಗಳನ್ನು ಕಾನ್ಫ್ಲಿಕ್ಟ್‌ನಿಂದ ಹೊರಗೆ ಹಾಕಿ ಚಿಕ್ಕದು ಮಾಡುತ್ತದೆ. ಬೇಸ್ ಕಾಣದೆ ಕಾನ್ಫ್ಲಿಕ್ಟ್ ಬಿಡಿಸೋದು ಅಂದರೆ ಊಹೆ ಮಾಡೋದು. ಹೊಸ ಗಣಕ ಕೈಗೆ ಬಂದ ತಕ್ಷಣ ನಾನು ಮಾಡೋ ಮೊದಲ ಬದಲಾವಣೆ ಇದು.

ಈಗಾಗಲೇ ಕಾನ್ಫ್ಲಿಕ್ಟ್ ನಡುವೆ ಇದ್ದರೆ 'ಗಿಟ್ ಚೆಕ್‌ಔಟ್ --ಕಾನ್ಫ್ಲಿಕ್ಟ್=ಡಿಫ್3' ಅಂತ ಫೈಲ್ ಹೆಸರು ಕೊಡಿ, ಗುರುತುಗಳನ್ನು ಹೊಸ ರೀತಿಯಲ್ಲಿ ಮತ್ತೆ ಬರೆಯುತ್ತದೆ. ಹುಷಾರು, ಆ ಫೈಲಿನಲ್ಲಿ ಅಲ್ಲಿಯವರೆಗೆ ಬಿಡಿಸಿದ್ದು ಹೋಗುತ್ತದೆ.

ಕೊನೆಯಕಮಿಟ್:
ಈಗಷ್ಟೇ ಹಾಕಿ ನೋಡಿದೆ. ಇದು ಯಾಕೆ ಡೀಫಾಲ್ಟ್ ಅಲ್ಲ?!

ರೀಬೇಸ್‌ಪ್ರಿಯ:
ರೆರೆರೆ ಕೂಡ ಆನ್ ಮಾಡಿಕೊಳ್ಳಿ. ನೀವು ಒಂದು ಕಾನ್ಫ್ಲಿಕ್ಟ್ ಬಿಡಿಸಿದ್ದನ್ನು ನೆನಪಿಟ್ಟು, ಅದೇ ಕಾನ್ಫ್ಲಿಕ್ಟ್ ಮತ್ತೆ ಬಂದಾಗ ತಾನೇ ಹಾಕುತ್ತದೆ. ದಿನಾ ರೀಬೇಸ್ ಮಾಡುವವರಿಗೆ ಇದಿಲ್ಲದೆ ಆಗಲ್ಲ.

ಟೆಸ್ಟ್‌ಮಾಡಿ:
ತಪ್ಪಾಗಿ ಬಿಡಿಸಿದ್ದರೆ ಅದನ್ನೂ ನಿಷ್ಠೆಯಿಂದ ಹಾಕುತ್ತದೆ. ಅಂಥ ಸಂದರ್ಭಕ್ಕೆ 'ಗಿಟ್ ರೆರೆರೆ ಫರ್ಗೆಟ್' ಅಂತ ಫೈಲ್ ಹೆಸರು ಕೊಡೋದು ತಿಳಿದಿರಲಿ.

ಹೊಸಬ_ಇಲ್ಲಿ:
ಒಂದು ಸಣ್ಣ ಪ್ರಶ್ನೆ. ನಾನು 10ನೇ ಸಾಲು ಬದಲಿಸಿದೆ, ಗೆಳೆಯ 11ನೇ ಸಾಲು ಬದಲಿಸಿದ. ಸಾಲು ಬೇರೆ ಬೇರೆ. ಆದರೂ ಕಾನ್ಫ್ಲಿಕ್ಟ್ ಬಂತು. ಇದು ಸರಿನಾ?

ತಿರುಗುಮುರುಗು:
ಸರಿ. ಅಕ್ಕಪಕ್ಕದ ಸಾಲುಗಳನ್ನು ಗಿಟ್ ಒಂದೇ ಜಾಗ ಅಂತ ಎಣಿಸುತ್ತದೆ. ನಡುವೆ ಬದಲಾಗದ ಸಾಲು ಇರಬೇಕು. ಪಕ್ಕಪಕ್ಕದ ಸಾಲುಗಳು ಸಾಮಾನ್ಯವಾಗಿ ಒಂದಕ್ಕೊಂದು ಸಂಬಂಧಪಟ್ಟಿರುತ್ತವೆ, ಕೇಳುವುದೇ ಕ್ಷೇಮ ಅನ್ನೋ ಲೆಕ್ಕ.

ಅಲ್ಪವಿರಾಮ:
ಅಲ್ಲಿ ಕೇಳುತ್ತೆ, ರಿವರ್ಟ್ ವಿಷಯದಲ್ಲಿ ಕೇಳಲ್ಲ. ನನ್ನ ತಕರಾರು ಹಾಗೇ ಇದೆ.

ಬೈಟ್‌ಬಳಗ:
ವಿಷಯಾಂತರಕ್ಕೆ ಕ್ಷಮೆ ಇರಲಿ. ಮರ್ಜ್ ಅಂದರೆ ಎರಡೇ ಬ್ರಾಂಚ್ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ಆಕ್ಟೋಪಸ್ ಮರ್ಜ್‌ನಲ್ಲಿ ಒಂದೇ ಕಮಿಟ್‌ಗೆ ಎಷ್ಟು ಪೇರೆಂಟ್ ಬೇಕಾದರೂ ಇರಬಹುದು. ಲಿನಕ್ಸ್ ಕರ್ನಲ್‌ನಲ್ಲಿ 2014ರಲ್ಲಿ 66 ಪೇರೆಂಟ್ ಇರೋ ಮರ್ಜ್ ಒಂದು ಸೇರಿದೆ.

ಹೊಸಬ_ಇಲ್ಲಿ:
66! ಅದರಲ್ಲಿ ಕಾನ್ಫ್ಲಿಕ್ಟ್ ಬಂದರೆ ಹೇಗೆ ಬಿಡಿಸ್ತಾರೆ?

ಬೈಟ್‌ಬಳಗ:
ಬಿಡಿಸಲ್ಲ. ಕೈಯಲ್ಲಿ ಬಿಡಿಸಬೇಕಾದ ಕಾನ್ಫ್ಲಿಕ್ಟ್ ಇದ್ದರೆ ಆಕ್ಟೋಪಸ್ ಮರ್ಜ್ ಮಾಡಲು ಒಪ್ಪುವುದೇ ಇಲ್ಲ. ಒಂದಕ್ಕೊಂದು ತಾಗದ ಬ್ರಾಂಚ್‌ಗಳಿಗೆ ಮಾತ್ರ ಅದು. ಅಂಥ ಕಮಿಟ್‌ನಿಂದ ಬಗ್ ಬಂದರೆ ಬೈಸೆಕ್ಟ್ ಮಾಡುವವರಿಗೆ (ಯಾವ ಕಮಿಟ್‌ನಿಂದ ಬಗ್ ಬಂತು ಅಂತ ಹುಡುಕುವವರಿಗೆ) ಕಷ್ಟ, ಅದಕ್ಕೇ ದಿನನಿತ್ಯದ ಕೆಲಸಕ್ಕೆ ಯಾರೂ ಬಳಸಲ್ಲ.

ಹಳೇಟರ್ಮಿನಲ್:
ಹೆಸರು ಬದಲಾದ ಫೈಲ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಗಿಟ್ ಹೆಸರು ಬದಲಾವಣೆಯನ್ನು ದಾಖಲಿಸುವುದೇ ಇಲ್ಲ, ಮರ್ಜ್ ಹೊತ್ತಿಗೆ ಊಹಿಸುತ್ತದೆ. ಹಳೆಯದು, ಹೊಸದು ಕನಿಷ್ಠ 50 ಶೇಕಡಾ ಹೋಲಬೇಕು, ಡೀಫಾಲ್ಟ್ ಅದು. ಒಬ್ಬರು ಫೈಲಿನ ಹೆಸರನ್ನೂ ಬದಲಿಸಿ ಒಳಗಿನದ್ದನ್ನೂ ಪೂರ್ತಿ ತಿದ್ದಿ ಒಂದೇ ಬ್ರಾಂಚಿನಲ್ಲಿ ತಂದರೆ, ಆ ಕಡೆ ಅದೇ ಫೈಲನ್ನು ತಿದ್ದಿದವರಿಗೆ 'ಒಬ್ಬರು ಅಳಿಸಿದ್ದಾರೆ, ಒಬ್ಬರು ತಿದ್ದಿದ್ದಾರೆ' ಅನ್ನೋ ಕಾನ್ಫ್ಲಿಕ್ಟ್ ಬರುತ್ತದೆ. ಹೆಸರು ಬದಲಾವಣೆ ಮೊದಲು ಮುಖ್ಯ ಬ್ರಾಂಚಿಗೆ ಹೋಗಲಿ. ಒಳಗಿನ ತಿದ್ದುಪಡಿ ಆಮೇಲೆ.

ರೀಬೇಸ್‌ಪ್ರಿಯ:
ಒಂದೇ ಬ್ರಾಂಚಿನಲ್ಲಿ ಎರಡು ಕಮಿಟ್ ಆಗಿ ಒಡೆದರೆ ಸಾಕಲ್ವಾ?

ಹಳೇಟರ್ಮಿನಲ್:
ಮರ್ಜ್‌ಗೆ ಸಾಕಾಗಲ್ಲ, ತುದಿಗಳನ್ನು ಮಾತ್ರ ನೋಡೋದರಿಂದ ನಡುವೆ ಎಷ್ಟು ಒಡೆದರೂ ಒಂದೇ. ರೀಬೇಸ್‌ಗಾದರೆ ಉಪಯೋಗ ಆಗುತ್ತೆ, ಅದು ಒಂದೊಂದಾಗಿ ಹಚ್ಚುತ್ತದಲ್ಲ. ಮರ್ಜ್ ಮಾಡುವ ತಂಡದಲ್ಲಿ ಹೆಸರು ಬದಲಾವಣೆ ಬೇಗ ಎಲ್ಲರಿಗೂ ತಲುಪಬೇಕು, ಅವರು ತಮ್ಮ ಬ್ರಾಂಚಿಗೆ ಅದನ್ನು ತಂದುಕೊಳ್ಳಬೇಕು. ಆಗ ಬೇಸ್‌ನಲ್ಲೇ ಹೊಸ ಹೆಸರು ಇರುತ್ತದೆ, ಊಹೆ ಬೇಕಾಗಲ್ಲ.

ರೀಬೇಸ್‌ಪ್ರಿಯ:
ಸರಿ, ಇದು ಒಪ್ಪಿದೆ. ಫಾರ್ಮ್ಯಾಟರ್ ಓಡಿಸಿ ಇಡೀ ಕೋಡಿನ ಇಂಡೆಂಟ್ ಬದಲಿಸುವವರಿಗೂ ಇದನ್ನೇ ಹೇಳಬೇಕು. ತೆರೆದಿರೋ ಬ್ರಾಂಚ್‌ಗಳೆಲ್ಲಾ ಮರ್ಜ್ ಆಗುವವರೆಗೆ ದಯವಿಟ್ಟು ಕಾಯಿರಿ.